ಏಳು ದಿನ, ಎರಡೇ ಊರು: ಬೆಂಗಳೂರಿನಿಂದ ಉತ್ತರ ಕನ್ನಡದ ಕಡಲಿಗೆ ಆರಾಮದ ರಜೆ

ಮೊದಲ ಸಲ ನಾವು ಮನೆಮಂದಿಯೆಲ್ಲ ಕರಾವಳಿಗೆ ಹೋದಾಗ ಆರು ದಿನದಲ್ಲಿ ಒಂಬತ್ತು ಜಾಗ ನೋಡಿದ್ದೆವು. ಉಡುಪಿ, ಮಲ್ಪೆ, ಕೊಲ್ಲೂರು, ಮುರ್ಡೇಶ್ವರ, ಜೋಗ, ಯಾಣ, ಗೋಕರ್ಣ, ಕಾರವಾರ, ದಾಂಡೇಲಿ. ದಿನಾ ಬೆಳಿಗ್ಗೆ ಬ್ಯಾಗು ಕಟ್ಟುವುದು, ರಾತ್ರಿ ಬಿಚ್ಚುವುದು. ರಾಜಾಜಿನಗರದ ಮನೆಗೆ ವಾಪಸ್ ಬಂದ ದಿನ ಅಮ್ಮ ಕಾಲು ನೀವಿಕೊಳ್ಳುತ್ತಾ ಹೇಳಿದರು: "ಸಮುದ್ರದ ಹತ್ತಿರ ಹೋಗಿದ್ವಿ, ಒಂದು ಸಂಜೆನೂ ನೆಮ್ಮದಿಯಾಗಿ ಕೂತ್ಕೊಳ್ಳಲಿಲ್ಲ ಕಣೋ."

ಆ ಮಾತು ಮನಸ್ಸಿನಲ್ಲಿ ಉಳಿಯಿತು. ಅಂದಿನಿಂದ ನಮ್ಮದು ಒಂದೇ ನಿಯಮ. ವಾರದ ರಜೆಗೆ ಎರಡೇ ಊರು. ಒಂದರಲ್ಲಿ (ಇಲ್ಲಿ ಗೋಕರ್ಣ) ನಾಲ್ಕು ರಾತ್ರಿ, ಇನ್ನೊಂದರಲ್ಲಿ (ಹೊನ್ನಾವರ) ಮೂರು. ದಿನಕ್ಕೆ ಒಂದೇ ಕೆಲಸ. ಉಳಿದ ಹೊತ್ತು ನೀರಿನ ಉಬ್ಬರ ಇಳಿತ ಹೇಳಿದಂತೆ. ಇದನ್ನು ನೀವೂ ಮಾಡಬಹುದು, ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಕ್ಯಾಲೆಂಡರ್ ನೋಡಿ

ನವೆಂಬರ್ ಮಧ್ಯದಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಾರ್ಚ್ ನಂತರ ಬಿಸಿಲಿಗಿಂತ ಸೆಕೆಯೇ ಜಾಸ್ತಿ. ನಮ್ಮ ಬೆಂಗಳೂರಿನ ಒಣ ಹವೆಗೆ ಒಗ್ಗಿದ ಮೈಗೆ ಅದು ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಅಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಹೆಚ್ಚು ಬೀಳುತ್ತದೆ, ಅಂದರೆ ಬೆಂಗಳೂರಿನ ಮೂರು ಪಟ್ಟು. ನೋಡಲು ಚೆಂದ, ನಿಜ. ಆದರೆ ಕಡಲಿಗೆ ಇಳಿಯುವ ಹಾಗಿಲ್ಲ, ದೋಣಿಗಳೂ ನಿಂತಿರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ತಾಜಾ ಮೀನೂ ಕಡಿಮೆ. ಹೊಸ ವರ್ಷದ ವಾರ ಮತ್ತು ಶಿವರಾತ್ರಿಯ ಆಸುಪಾಸು ಗೋಕರ್ಣದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಜಾತ್ರೆಗೇ ಹೋಗುವುದಾದರೆ ಸರಿ, ಆರಾಮಕ್ಕೆ ಬೇಡ.

ತಿಂಗಳು ಆಯ್ತಲ್ವಾ, ಈಗ ತಿಥಿ. ಗೋಡೆಯ ಕ್ಯಾಲೆಂಡರ್‌ನಲ್ಲಿ ಹುಣ್ಣಿಮೆ, ಅಮಾವಾಸ್ಯೆ ಎಲ್ಲಿದೆ ನೋಡಿ. ಸಮುದ್ರ ದಿನಕ್ಕೆ ಎರಡು ಸಲ ಉಬ್ಬುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಉಬ್ಬರಕ್ಕೂ ಮುಂದಿನ ಇಳಿತಕ್ಕೂ ನಡುವೆ ಸುಮಾರು ಆರು ಗಂಟೆ. ಚಂದ್ರ ದಿನಾ ತಡವಾಗಿ ಹುಟ್ಟುತ್ತಾನಲ್ಲ, ಹಾಗೇ ಉಬ್ಬರದ ಹೊತ್ತೂ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಏರಿಳಿತ ದೊಡ್ಡದು, ಅಷ್ಟಮಿ ಹೊತ್ತಿಗೆ ಚಿಕ್ಕದು. ನಮ್ಮ ಕರಾವಳಿಯಲ್ಲಿ ಹುಣ್ಣಿಮೆಯ ದಿನಗಳಲ್ಲಿ ಸಾಮಾನ್ಯವಾಗಿ ಮಧ್ಯಾಹ್ನದ ಮೊದಲೇ ನೀರು ತುಂಬಿ, ಸಂಜೆ ಹೊತ್ತಿಗೆ ಇಳಿದಿರುತ್ತದೆ. ಸೂರ್ಯ ಮುಳುಗುವಾಗ ಅಗಲವಾದ ಒದ್ದೆ ಮರಳು, ಹಿಂದೆ ಗುಡ್ಡದ ಮೇಲೆ ಚಂದ್ರ. ಹಾಗಾಗಿ ನಾನು ರಜೆ ಹಾಕುವುದು ಹುಣ್ಣಿಮೆ ನಡುವೆ ಬರುವ ವಾರಕ್ಕೆ. ಆಫೀಸಿನಲ್ಲಿ ಯಾರೂ ಕಾರಣ ಕೇಳುವುದಿಲ್ಲ.

ಟಿಕೆಟ್: ಹೋಗುವುದು ಒಂದು ಊರಿಗೆ, ಹತ್ತುವುದು ಇನ್ನೊಂದರಿಂದ

ಶುಕ್ರವಾರ ಸಂಜೆ ಹೊರಟರೆ ಸೋಮವಾರದಿಂದ ಶುಕ್ರವಾರದವರೆಗೆ ಐದೇ ರಜೆ ಸಾಕು. ಮುಂದಿನ ಭಾನುವಾರ ಬೆಳಿಗ್ಗೆ ಮನೆಯಲ್ಲಿರುತ್ತೀರಿ.

ನನ್ನ ಆಯ್ಕೆ ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್. ಸಂಜೆ ಹೊರಟು, ಕುಣಿಗಲ್, ಹಾಸನ, ಸಕಲೇಶಪುರ ದಾಟಿ ರಾತ್ರಿ ಘಾಟಿ ಇಳಿದು, ಮಂಗಳೂರು ಊರಿನೊಳಗೆ ಹೋಗದೆ ಪಡೀಲ್ ಬಳಿ ತಿರುಗಿ, ಬೆಳಿಗ್ಗೆ ಉತ್ತರ ಕನ್ನಡದಲ್ಲಿರುತ್ತದೆ. ರೈಲಿನ ಮುಂಗಡ ಬುಕಿಂಗ್ 60 ದಿನ ಮೊದಲು ಶುರುವಾಗುತ್ತದೆ. ಶುಕ್ರವಾರದ ಗಾಡಿ ಬೇಗ ತುಂಬುತ್ತದೆ, ಅವತ್ತೇ ಮಾಡಿಬಿಡಿ. ಹೋಗುವಾಗ ಗೋಕರ್ಣ ರೋಡ್‌ಗೆ, ಬರುವಾಗ ಹೊನ್ನಾವರದಿಂದ ಟಿಕೆಟ್ ಮಾಡಿಸಿ. ಹೀಗೆ ಮಾಡಿದರೆ ಒಂದೇ ದಾರಿಯಲ್ಲಿ ಹಿಂದೆ ಮುಂದೆ ಅಲೆಯುವುದು ತಪ್ಪುತ್ತದೆ. ಸಣ್ಣ ಉಪಾಯ, ಆದರೆ ಅರ್ಧ ದಿನ ಉಳಿಯುತ್ತದೆ.

ಒಂದೇ ಬೇಸರ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 57 ಸುರಂಗಗಳ ಘಾಟಿ ಕತ್ತಲಲ್ಲಿ ಕಳೆದುಹೋಗುತ್ತದೆ. ಅದನ್ನೇ ನೋಡಬೇಕು ಅನ್ನುವವರು ಯಶವಂತಪುರದಿಂದ ಹಗಲು ಹೋಗುವ ಕಾರವಾರದ ರೈಲು ಯಾವ ದಿನ ಇದೆ ನೋಡಿ, ರಜೆ ಒಂದು ದಿನ ಜಾಸ್ತಿ ಹಾಕಿ. ರಾತ್ರಿ ಸ್ಲೀಪರ್ ಬಸ್ಸುಗಳೂ ಬೇಕಾದಷ್ಟಿವೆ. ಕಾರು ಬೇಡ ಅನ್ನುವುದು ನನ್ನ ಅನುಭವ. ಸುಮಾರು 500 ಕಿಲೋಮೀಟರ್ ಓಡಿಸಿದವರಿಗೆ ಮೊದಲ ದಿನ ಹೋಗಿಬಿಡುತ್ತದೆ. ಕಾರು ಜೊತೆಗಿದ್ದರೆ "ಇಲ್ಲೇ ಹತ್ತಿರ ಅಲ್ವಾ, ಹೋಗಿ ಬರೋಣ" ಅನ್ನುವ ಚಪಲವೂ ಜೊತೆಗೇ ಬರುತ್ತದೆ.

ಬೆಳಗಿನ ಜಾವಕ್ಕೆ ಅಲಾರಂ ಇಟ್ಟುಕೊಳ್ಳಿ. ಹೊನ್ನಾವರ ನಿಲ್ದಾಣಕ್ಕೆ ಸ್ವಲ್ಪ ಮೊದಲು ರೈಲು ಶರಾವತಿಯನ್ನು ದಾಟುತ್ತದೆ. ಎರಡು ಕಿಲೋಮೀಟರ್‌ಗಿಂತ ಉದ್ದದ ಸೇತುವೆ, ಇಡೀ ಕೊಂಕಣ ರೈಲು ಮಾರ್ಗದಲ್ಲೇ ಉದ್ದದ್ದು. ಗಾಲಿಯ ಸದ್ದು ಬದಲಾಗುತ್ತದೆ, ಎರಡೂ ಕಡೆ ನೀರು, ನಡುವೆ ತೆಂಗಿನ ದ್ವೀಪಗಳ ಕಪ್ಪು ನೆರಳು. ನಮ್ಮ ರಜೆ ಶುರುವಾಗುವುದು ಅಲ್ಲಿಂದ.

ತಂಗುವ ಜಾಗ

ಕೋಣೆ ಗೊತ್ತು ಮಾಡುವಾಗ ಫೋಟೋ ನೋಡಿ ಮರುಳಾಗಬೇಡಿ. ಒಮ್ಮೆ "ಸಮುದ್ರದ ಪಕ್ಕ" ಅಂದ ಜಾಗದಿಂದ ನೀರಿಗೆ ಒಂದೂವರೆ ಕಿಲೋಮೀಟರ್ ಇತ್ತು, ದಿನಾ ಬಿಸಿಲಲ್ಲಿ ಮಕ್ಕಳನ್ನು ನಡೆಸಿದೆವು. ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಿ. ಬಾಗಿಲಿಂದ ಮರಳಿಗೆ ಎಷ್ಟು ನಿಮಿಷದ ನಡಿಗೆ? ಮೆಟ್ಟಿಲು ಎಷ್ಟು? ಮಧ್ಯಾಹ್ನ ಊಟ ಅಲ್ಲೇ ಸಿಗುತ್ತದಾ? ಕೂರಲು ಜಗುಲಿ ಇದೆಯಾ? ಕೊನೆಯ ಪ್ರಶ್ನೆ ಮರೆಯಬೇಡಿ. ಮಧ್ಯಾಹ್ನ 11ರಿಂದ 4ರವರೆಗೆ ನೀವು ಇರುವುದು ಅಲ್ಲೇ. ಎ.ಸಿ. ಕೋಣೆಗಿಂತ ಗಾಳಿ ಬರುವ ಜಗುಲಿ ಎಷ್ಟೋ ಮೇಲು.

ವಯಸ್ಸಾದವರಿದ್ದರೆ ಗೋಕರ್ಣದ ಊರ ಕಡಲತೀರದ ಹತ್ತಿರವೇ ಇರಿ. ಕುಡ್ಲೆ, ಓಂ ತೀರಗಳ ಕಡೆ ಇಳಿಜಾರು, ಮೆಟ್ಟಿಲು ಇವೆ. ಎರಡನೇ ಊರಿಗೆ ಹೊನ್ನಾವರದ ಕಾಸರಕೋಡು ಭಾಗ ನೋಡಿ.

ಬ್ಯಾಗಿಗೆ ಏನು ಹಾಕಬೇಕು ಅಂತ ಉದ್ದದ ಪಟ್ಟಿ ಬೇಡ. ಬೇಗ ಒಣಗುವ ಹತ್ತಿ ಬಟ್ಟೆ, ಪಂಚೆ ಅಥವಾ ಲುಂಗಿ, ನೆನೆದರೂ ಚಿಂತೆ ಇಲ್ಲದ ಚಪ್ಪಲಿ, ಟೋಪಿ, ಓಆರ್‌ಎಸ್, ಸೊಳ್ಳೆಗೆ ಏನಾದರೂ, ಟಾರ್ಚ್, ಚಿಲ್ಲರೆ ಹಣ. ಸಣ್ಣ ಡಬ್ಬಿ ಪೌಡರ್ ಇರಲಿ. ಒಣಗಿದ ಕಾಲಿಗೆ ಉದುರಿಸಿ ಒರೆಸಿದರೆ ಮರಳು ತಾನಾಗಿ ಬಿಡುತ್ತದೆ. ಊರೂರಿಗೆ ಸರ್ಕಾರಿ ಬಸ್ಸುಗಳಿವೆ. ಹೆಂಗಸರು ಆಧಾರ್ ಇಟ್ಟುಕೊಂಡರೆ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ಟಿಕೆಟ್ ಉಚಿತ.

ಶನಿವಾರ: ಏನೂ ಮಾಡಬೇಡಿ

ನಿಲ್ದಾಣದಿಂದ ಗೋಕರ್ಣ ಊರಿಗೆ ಆಟೋ ಸಿಗುತ್ತದೆ. ಸ್ನಾನ, ತಿಂಡಿ, ನಿದ್ದೆ. ಬನ್ಸ್ ಸಿಕ್ಕರೆ ಬಿಡಬೇಡಿ. ಮಾಗಿದ ಬಾಳೆಹಣ್ಣು ಕಲಸಿ ಕರಿದ, ಒಳಗೆ ಸ್ವಲ್ಪ ಸಿಹಿ ಇರುವ ಪೂರಿ ಅದು. ಸಂಜೆ ಊರ ಕಡಲತೀರದಲ್ಲಿ ಹೋಗಿ ಕೂರಿ. ಚಳಿಗಾಲದಲ್ಲಿ ಆರೂಕಾಲರ ಆಸುಪಾಸು ಸೂರ್ಯ ಮುಳುಗುತ್ತಾನೆ, ಐದಕ್ಕೇ ಹೋಗಿ ಜಾಗ ಹಿಡಿಯಿರಿ. ಮೊಬೈಲು ಕೋಣೆಯಲ್ಲೇ ಇರಲಿ.

ಭಾನುವಾರ: ಅಘನಾಶಿನಿಯ ಆಚೆ ದಡ

ವಾರಾಂತ್ಯಕ್ಕೆ ನಮ್ಮ ಬೆಂಗಳೂರಿನವರೇ ಕುಡ್ಲೆ, ಓಂ ತೀರಗಳಲ್ಲಿ ತುಂಬಿರುತ್ತಾರೆ. ಅವರು ಭಾನುವಾರ ರಾತ್ರಿ ಬಸ್ಸು ಹತ್ತುತ್ತಾರೆ. ಅಲ್ಲಿಯವರೆಗೆ ನೀವು ಅತ್ತ ಹೋಗಬೇಡಿ, ನದಿಯ ಕಡೆ ಹೋಗಿ. ನನ್ನನ್ನು ಕೇಳಿದರೆ ಇಡೀ ವಾರದ ತಿರುಳು ಈ ದಿನವೇ.

ಅಘನಾಶಿನಿ ಸಿರ್ಸಿ ಹತ್ತಿರ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಗೋಕರ್ಣದ ದಕ್ಷಿಣಕ್ಕೆ ತದಡಿಯ ಬಳಿ ಕಡಲು ಸೇರುತ್ತದೆ. ಅಡ್ಡಲಾಗಿ ಒಂದೂ ದೊಡ್ಡ ಅಣೆಕಟ್ಟು ಇಲ್ಲ. ಅದಕ್ಕೇ ಇದರ ಅಳಿವೆಯಲ್ಲಿ ಸಿಹಿನೀರು, ಉಪ್ಪುನೀರು ಎರಡೂ ಹದವಾಗಿ ಬೆರೆಯುತ್ತವೆ. 2024ರಲ್ಲಿ ಈ ಅಳಿವೆಗೆ ರಾಮ್ಸಾರ್ ತಾಣದ ಮಾನ್ಯತೆ ಸಿಕ್ಕಿತು. ಅಂದರೆ ಜಗತ್ತೇ ಕಾಪಾಡಬೇಕಾದ ಜೌಗು ನೆಲ.

ಹಿಂದಿನ ರಾತ್ರಿ ನೀವು ತಂಗಿದ ಮನೆಯವರನ್ನು "ನಾಳೆ ಇಳಿತ ಎಷ್ಟು ಹೊತ್ತಿಗೆ?" ಅಂತ ಕೇಳಿಡಿ. ನಾವು ಮೊದಲ ಸಲ ಬೆಳಿಗ್ಗೆಯೇ ಗಡಿಬಿಡಿಯಲ್ಲಿ ಹೊರಟಾಗ ತಂಗಿದ್ದ ಮನೆಯ ಅಮ್ಮ ಬಾಗಿಲಲ್ಲೇ ತಡೆದರು. "ಎಂತ ಅವಸರ ನಿಮಗೆ? ನೀರು ಇಳೀಲಿ, ಆಮೇಲೆ ಹೋಗಿ. ಈಗ ಹೋದ್ರೆ ಬರೀ ನೀರು ಕಾಣ್ತದೆ." ಇನ್ನೊಂದು ದೋಸೆ ಹಾಕಿದರು, ಕೂತೆವು. ಅವರು ಹೇಳಿದ್ದೇ ಸರಿ.

ತದಡಿ ಮೀನುಗಾರರ ಬಂದರು. ಅಲ್ಲಿಂದ ಎದುರು ದಡದ ಅಘನಾಶಿನಿ ಊರಿಗೆ ದೋಣಿ ಹೋಗಿಬರುತ್ತದೆ. ಪ್ರವಾಸಿಗರ ದೋಣಿ ಅಲ್ಲ, ಊರವರು ಓಡಾಡುವ ದೋಣಿ. ಮೀನಿನ ಬುಟ್ಟಿ, ಅಕ್ಕಿ ಮೂಟೆ, ಮದುವೆಗೆ ಹೊರಟವರು, ಜೊತೆಗೆ ನೀವು. ಇಳಿತದ ಹೊತ್ತಿಗೆ ನದಿಯ ನಡುವೆ ಬೂದು ಬಣ್ಣದ ದಿಬ್ಬಗಳು ಏಳುತ್ತವೆ. ಅಲ್ಲಿ ಹೆಂಗಸರು, ಗಂಡಸರು ಮೊಣಕಾಲು, ಸೊಂಟದವರೆಗಿನ ನೀರಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಿರುತ್ತಾರೆ. ಕಾಲಿನಿಂದ ಕೆಸರು ತಡವಿ, ಚಿಪ್ಪು ತಾಕಿದ ಕೂಡಲೇ ಬಗ್ಗಿ ಎತ್ತುತ್ತಾರೆ. ಪಕ್ಕದಲ್ಲಿ ಹಗ್ಗ ಕಟ್ಟಿದ ಪಾತ್ರೆ ನೀರಲ್ಲಿ ತೇಲುತ್ತಾ ಅವರ ಹಿಂದೆಯೇ ಬರುತ್ತದೆ. ನೀರು ಏರಲು ಶುರುವಾದರೆ ಅವತ್ತಿನ ಕೆಲಸ ಮುಗಿದಂತೆ. ದೂರದಿಂದ ನೋಡಿ. ಅದು ಅವರ ದುಡಿಮೆ, ಕ್ಯಾಮೆರಾ ಹಿಡಿದು ಹತ್ತಿರ ಹೋಗಬೇಡಿ.

ದಡದ ಗದ್ದೆಗಳನ್ನೂ ಗಮನಿಸಿ. ಗಜನಿ ಅನ್ನುತ್ತಾರೆ. ಮಳೆಗಾಲದಲ್ಲಿ ಉಪ್ಪು ತೊಳೆದುಹೋದಾಗ ಇಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪನ್ನೂ ನೆರೆಯನ್ನೂ ತಡೆಯುವ ತಳಿ ಅದು. ಕೊಯ್ಲು ಮುಗಿದ ಮೇಲೆ ಅದೇ ಗದ್ದೆಗೆ ನದಿಯ ನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಒಂದೇ ನೆಲ, ಅರ್ಧ ವರ್ಷ ಅನ್ನ, ಅರ್ಧ ವರ್ಷ ಮೀನು. ಕಗ್ಗದ ಅಕ್ಕಿ ಮಾರಾಟಕ್ಕಿದ್ದರೆ ಒಂದೆರಡು ಕಿಲೋ ಕೊಳ್ಳಿ. ಬೆಳೆಯುವವರು ಕಡಿಮೆಯಾಗುತ್ತಿದ್ದಾರೆ, ನಮ್ಮ ಎರಡು ಕಿಲೋ ಅವರಿಗೆ ಆಸರೆ.

ವಾಪಸ್ ಬರುವಾಗ ಸಾಣಿಕಟ್ಟಾದ ಉಪ್ಪಿನ ಆಗರಗಳನ್ನು ನೋಡಿ ಬನ್ನಿ. ಬೇಸಿಗೆ ಕಡೆಗೆ ಹೋದರೆ ಉಪ್ಪಿನ ರಾಶಿಗಳು ಕಾಣುತ್ತವೆ. ಸ್ವಲ್ಪ ಮಾಸಲು ಬಣ್ಣದ ಹರಳು ಉಪ್ಪು. ಉಪ್ಪಿನಕಾಯಿಗೆ ಅದೇ ಬೇಕು ಅನ್ನುವ ಅಜ್ಜಿಯರು ಮಲೆನಾಡಿನಲ್ಲಿ ಈಗಲೂ ಇದ್ದಾರೆ.

ಸೋಮವಾರ, ಮಂಗಳವಾರ

ಸೋಮವಾರ ಬೆಳಿಗ್ಗೆ ತಂಪಿನಲ್ಲೇ ಕುಡ್ಲೆಯಿಂದ ಓಂ ತೀರಕ್ಕೆ ಗುಡ್ಡ ದಾಟಿ ನಡೆಯಿರಿ. ಅರ್ಧ ಗಂಟೆ ಸಾಕು. ಮೇಲಿನಿಂದ ನೋಡಿದರೆ ಎರಡು ಕೊಲ್ಲಿ ಸೇರಿ ಓಂಕಾರದ ಆಕಾರ ಕಾಣುತ್ತದೆ. ಕಾಲು ಗಟ್ಟಿ ಇರುವವರು ಹಾಫ್‌ಮೂನ್, ಪ್ಯಾರಡೈಸ್‌ವರೆಗೆ ಹೋಗಬಹುದು. ನಮಗೆ ಓಂ ಸಾಕಾಯಿತು. ಕತ್ತಲಾದ ಮೇಲೆ ಈ ಬಂಡೆಯ ಹಾದಿಗಳಲ್ಲಿ ನಡೆಯಲೇಬೇಡಿ.

ಮಹಾಬಲೇಶ್ವರನ ದರ್ಶನ ಮಂಗಳವಾರಕ್ಕೆ ಇಟ್ಟುಕೊಳ್ಳಿ. ಸೋಮವಾರ ಶಿವನ ವಾರ, ಸಾಲು ಉದ್ದ. ಬೆಳಿಗ್ಗೆ ಬೇಗ ಎದ್ದು ಸಮುದ್ರಸ್ನಾನ, ಆಮೇಲೆ ಮಹಾಗಣಪತಿ, ನಂತರ ಮಹಾಬಲೇಶ್ವರ, ಇದು ವಾಡಿಕೆ. ಆತ್ಮಲಿಂಗವನ್ನು ರಾವಣ ಲಂಕೆಗೆ ಒಯ್ಯದಂತೆ ಇಲ್ಲೇ ನೆಲಕ್ಕಿಟ್ಟವನು ಗಣಪತಿಯೇ ಅಲ್ವಾ, ಅದಕ್ಕೇ ಅವನಿಗೆ ಮೊದಲ ಕೈಮುಗಿತ. ಗಂಡಸರು ಪಂಚೆ ಉಟ್ಟು, ಅಂಗಿ ತೆಗೆದು ಒಳಗೆ ಹೋಗಬೇಕು. ಬಂದ ಮೇಲೆ ಕೋಟಿತೀರ್ಥದ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂರಿ. ಮಧ್ಯಾಹ್ನ ಮಲಗಿ.

ಕಡಲಿಗೆ ಇಳಿಯುವ ಮುನ್ನ

ಇದನ್ನು ದಯವಿಟ್ಟು ಎರಡು ಸಲ ಓದಿ. ನಾವು ಕೆರೆ, ಈಜುಕೊಳ ನೋಡಿ ಬೆಳೆದವರು. ಕಡಲು ಬೇರೆ. ಅಲೆಗಳು ಒಡೆಯುವ ಬಿಳಿ ಸಾಲಿನ ನಡುವೆ ಒಂದು ಕಡೆ ಮಾತ್ರ ನೀರು ಸಮತಟ್ಟಾಗಿ, ಶಾಂತವಾಗಿ ಕಂಡರೆ ಅಲ್ಲಿ ಇಳಿಯಬೇಡಿ. ದಡಕ್ಕೆ ಬಂದ ನೀರು ಮತ್ತೆ ಒಳಗೆ ಹೋಗುವ ಸೆಳೆತ ಅಲ್ಲಿರುತ್ತದೆ. ಸಿಕ್ಕಿಕೊಂಡರೆ ದಡದ ಕಡೆಗೆ ಈಜಲು ಹೋಗಬೇಡಿ, ಸುಸ್ತಾಗಿ ಮುಳುಗುವುದು ಹಾಗೇ. ತೇಲುತ್ತಾ ಇರಿ, ಕೈ ಎತ್ತಿ ಕೂಗಿ, ದಡಕ್ಕೆ ಸಮವಾಗಿ ಪಕ್ಕಕ್ಕೆ ಈಜಿ. ಸೆಳೆತ ಕಡಿಮೆಯಾದ ಮೇಲೆ ದಡಕ್ಕೆ ಬನ್ನಿ. ಮಕ್ಕಳಿಗೆ ಮೊಣಕಾಲ ನೀರೇ ಗಡಿ, ದೊಡ್ಡವರೊಬ್ಬರು ಅವರಿಗಿಂತ ಕಡಲ ಕಡೆಗೆ ನಿಲ್ಲಬೇಕು. ಅಲೆಗೆ ನೆನೆದ ಬಂಡೆಯ ಮೇಲೆ ಫೋಟೋಕ್ಕೆ ಹತ್ತಬೇಡಿ. ಕುಡಿದವರು ನೀರಿಗೆ ಇಳಿಯಬಾರದು, ಇದರಲ್ಲಿ ಚರ್ಚೆಯೇ ಇಲ್ಲ. ಜೀವರಕ್ಷಕರು ಸೀಟಿ ಊದಿದರೆ ಕೂಡಲೇ ಹೊರಗೆ ಬನ್ನಿ. ತುರ್ತಿಗೆ 112.

ಬುಧವಾರ: ಊರು ಬದಲು

ಹೆದ್ದಾರಿಯಲ್ಲಿ ಕುಮಟಾ ಮೇಲೆ ಹಾದು ಹೊನ್ನಾವರಕ್ಕೆ ಹೋಗುವಾಗ ಮಿರ್ಜಾನ್ ಕೋಟೆ ಸಿಗುತ್ತದೆ. ಸಾಮಾನು ಇರುವುದರಿಂದ ಇವತ್ತೊಂದು ದಿನ ಟ್ಯಾಕ್ಸಿ ಮಾಡಿಕೊಳ್ಳಿ. ಚಿರೆಕಲ್ಲಿನ ಕೋಟೆ, ಮಳೆ ಮುಗಿದ ಕೆಲವು ತಿಂಗಳು ಗೋಡೆಗೆಲ್ಲ ಹಸಿರು ಪಾಚಿ. 16ನೇ ಶತಮಾನದಲ್ಲಿ ಗೇರುಸೊಪ್ಪೆಯಿಂದ ಆಳಿದ ರಾಣಿ ಚೆನ್ನಭೈರಾದೇವಿಯ ಹೆಸರು ಇದಕ್ಕೆ ಅಂಟಿಕೊಂಡಿದೆ. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಅಂದರು. ಘಟ್ಟದ ಮೆಣಸು ಈ ನದಿಗಳ ಬಂದರುಗಳಿಂದಲೇ ಹಡಗು ಹತ್ತುತ್ತಿತ್ತು. ಒಂದು ಗಂಟೆ ಸಾಕು, ಬಿಸಿಲೇರುವ ಮೊದಲು.

ಶರಾವತಿಯ ಮೂರು ದಿನ

ಗುರುವಾರ ಉಬ್ಬರದ ಹೊತ್ತಿಗೆ ಶರಾವತಿಯಲ್ಲಿ ದೋಣಿ ಹತ್ತಿ. ಅಘನಾಶಿನಿಗೆ ಇಳಿತ ಚೆಂದವಾದರೆ ಇಲ್ಲಿ ಉಬ್ಬರ ಚೆಂದ. ನೀರು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕೊಂಬೆಯವರೆಗೆ ಏರಿರುತ್ತದೆ, ದೋಣಿ ಸಣ್ಣ ಕಾಲುವೆಗಳೊಳಗೂ ನುಗ್ಗುತ್ತದೆ. ದಡದಲ್ಲಿ ಕಾಂಡ್ಲಾವನದ ನಡುವೆ ಕಟ್ಟಿದ ಕಾಲುಹಾದಿಯೂ ಇದೆ. ಇದೇ ಶರಾವತಿಯ ಕರೆಂಟಿನಿಂದ ನಮ್ಮ ಬೆಂಗಳೂರು ದಶಕಗಳ ಕಾಲ ಬೆಳಗಿತು ಅಂತ ಮಕ್ಕಳಿಗೆ ಹೇಳಿ. ಸಂಜೆ ಕಾಸರಕೋಡು ತೀರ. 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ತೀರ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಪಡೆದ ರಾಜ್ಯದ ಎರಡು ತೀರಗಳಲ್ಲಿ ಇದೊಂದು, ಇನ್ನೊಂದು ಪಡುಬಿದ್ರಿ.

ಶುಕ್ರವಾರ ಮುರ್ಡೇಶ್ವರಕ್ಕೆ ಹೋಗುವವರು ಹೋಗಿ. 123 ಅಡಿಯ ಶಿವ, 237 ಅಡಿಯ ರಾಜಗೋಪುರ, ಮೇಲೆ ಹೋಗಲು ಲಿಫ್ಟ್. ನೇತ್ರಾಣಿ ದ್ವೀಪದ ಬಳಿ ಡೈವಿಂಗ್ ಮಾಡುವವರು ಹೊರಡುವುದೂ ಅಲ್ಲಿಂದಲೇ. ನಾನಾದರೆ ಜಗುಲಿಯಲ್ಲೇ ಉಳಿದು, ಸಂಜೆ ಹತ್ತಿರ ಎಲ್ಲಾದರೂ ಯಕ್ಷಗಾನ ಇದೆಯಾ ಅಂತ ವಿಚಾರಿಸುತ್ತೇನೆ. ಇದು ಬಡಗುತಿಟ್ಟಿನ, ಅಂದರೆ ಯಕ್ಷಗಾನದ ಉತ್ತರದ ಶೈಲಿಯ ಸೀಮೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಈ ಹೊನ್ನಾವರ ತಾಲ್ಲೂಕಿನದ್ದೇ. ಗದ್ದೆಯಲ್ಲಿ ಹಾಕಿದ ರಂಗದ ಮುಂದೆ ಶಾಲು ಹೊದ್ದು ಕೂತು ಚಂಡೆ ಕೇಳಿದ ರಾತ್ರಿಗೆ ಬೇರೆ ಯಾವ ಕಾರ್ಯಕ್ರಮವೂ ಸಮ ಅಲ್ಲ.

ಊಟದ ವಿಷಯ. ಮೀನು ತಿನ್ನುವವರು "ಇವತ್ತು ಯಾವುದು ಬಂದಿದೆ?" ಅಂತ ಕೇಳಿ ಅದನ್ನೇ ತಿನ್ನಿ. ಇಸ್ವಾಣವೇ ಬೇಕು ಅಂತ ಹಟ ಬೇಡ, ಅಗ್ಗದ ತಾರ್ಲೆ, ಬಂಗಡೆಯೂ ತಾಜಾ ಇದ್ದರೆ ಬಹಳ ರುಚಿ. ಬಂಗಡೆ ಸಾರಿಗೆ ಜುಮ್ಮನಕಾಯಿ ಎಂಬ ಮಸಾಲೆ ಕಾಯಿ ಹಾಕುತ್ತಾರೆ. ಆ ಘಮ ಬೆಂಗಳೂರಿನ ಹೋಟೆಲುಗಳಲ್ಲಿ ಸಿಗುವುದು ಅಪರೂಪ. ಸಸ್ಯಾಹಾರಿಗಳಿಗೆ ಅಪ್ಪೆಹುಳಿ (ಮಾವಿನಕಾಯಿಯ ತೆಳು ಸಾರು), ತಂಬುಳಿ, ಕುಚ್ಚಲಕ್ಕಿ ಅನ್ನ. ಅಪ್ಪೆಹುಳಿಯನ್ನು ಲೋಟದಲ್ಲಿ ಕುಡಿಯಿರಿ, ಮಧ್ಯಾಹ್ನದ ನಿದ್ದೆ ತಾನಾಗಿ ಬರುತ್ತದೆ.

ಶನಿವಾರ ಬೆಳಿಗ್ಗೆ ಕೊನೆಯ ಸಲ ಕಡಲಿಗೆ ಹೋಗಿ ಬಂದು, ಬಟ್ಟೆಗಳ ಮರಳು ಅಲ್ಲೇ ಕೊಡವಿಬಿಡಿ. ಪೇಟೆಯಲ್ಲಿ ಒಣಗಿಸಿದ ಮುರುಗಲು (ಕೋಕಂ) ಸಿಪ್ಪೆ ಕಾಲು ಕಿಲೋ, ಸಿಕ್ಕರೆ ತೊಡದೇವು ಎಂಬ ಸಿಹಿತಿಂಡಿ ಒಂದು ಪೊಟ್ಟಣ ತೆಗೆದುಕೊಳ್ಳಿ. ರಾತ್ರಿ ಊಟ ತಂಗಿದ ಮನೆಯಲ್ಲೇ ಕಟ್ಟಿಸಿಕೊಂಡು ಸಂಜೆಯ ರೈಲಿಗೆ ಅರ್ಧ ಗಂಟೆ ಮೊದಲು ಹೊನ್ನಾವರ ನಿಲ್ದಾಣದಲ್ಲಿರಿ. ಭಾನುವಾರ ಮನೆಗೆ ಯಾರನ್ನೂ ಕರೆಯಬೇಡಿ. ಮುರುಗಲು ಸಿಪ್ಪೆ ನಾಲ್ಕು ನೆನೆಸಿಟ್ಟು, ಬೆಲ್ಲ, ಉಪ್ಪು, ಜೀರಿಗೆ ಒಗ್ಗರಣೆ ಹಾಕಿ ಸಾರು ಮಾಡಿ. ಕಗ್ಗದ ಅಕ್ಕಿ ಬೇಯಲು ಸ್ವಲ್ಪ ಜಾಸ್ತಿ ಹೊತ್ತು ಬೇಕು, ಅದನ್ನು ಮೊದಲೇ ಒಲೆಗೆ ಇಡಿ.